ಎಂಆರ್‌ಐಗೆ ಕಳಿಸೋ ಮುಂಚೆ ಹತ್ತು ನಿಮಿಷ ಕೂತು ಹೇಳಿ

ಹೋದ ತಿಂಗಳು ಅಮ್ಮನ ಸೊಂಟದ ಎಂಆರ್‌ಐ ಮಾಡಿಸೋಕೆ ಬೆಳಗ್ಗೆ ಐದಕ್ಕೇ ಕೊಡಗಿನ ಸುಂಟಿಕೊಪ್ಪ ಬಿಟ್ಟು ಮೈಸೂರಿಗೆ ಹೊರಟ್ವಿ, ನೂರು ಕಿಲೋಮೀಟರ್ ಮೇಲೆ ದಾರಿ, ಮಳೆ ಬೇರೆ, ಪಾಪ ನೋವಲ್ಲಿ ಹಿಂದಿನ ಸೀಟಲ್ಲಿ ಮಲಗ್ಕೊಂಡೇ ಬಂದ್ರು. ಅಲ್ಲಿ ಒಳಗೆ ಕಳ್ಸಿ ಐದು ನಿಮಿಷ ಆಗಿಲ್ಲ, ಅಮ್ಮ ಕೂಗ್ಕೊಂಡು ಹೊರಗೆ ಬಂದ್ಬಿಟ್ರು. ಕೈ ಐಸ್ ಆಗಿತ್ತು. "ಮಿಷನ್ ಕೆಟ್ಟೋಗಿದೆ ಕಣೋ, ಒಡೆದೋಗೋ ಥರ ಬಡ್ಕೊಳ್ತಿದೆ, ಯಾರೂ ಇಲ್ಲ ಅಲ್ಲಿ" ಅಂದ್ರು. ಒಳಗಿದ್ದವರು ಅಮ್ಮನಿಗೆ ಹೇಳಿದ್ದು ಒಂದೇ ಮಾತಂತೆ, ಅಲ್ಲಾಡಬೇಡಿ ಅಂತ.

ನಂಗೆ ತುಂಬಾ ಬೇಜಾರಾಯ್ತು. ನಂದೂ ತಪ್ಪಿದೆ. ನಾನು ಮಂಡಿಗೆ ಮಾಡಿಸ್ಕೊಂಡಾಗ ಕಾಲು ಮೊದಲು ಒಳಗೆ ಹೋಗಿತ್ತು, ತಲೆ ಹೊರಗೇ ಇತ್ತು, ಹಾಗಾಗಿ ಸೊಂಟಕ್ಕೆ ಅಂದ್ರೆ ತಲೆಯೂ ಆ ಮಿಷನ್ ಕೊಳವೆ ಒಳಗೇ ಹೋಗುತ್ತೆ ಅನ್ನೋದು ಹೊಳೀಲೇ ಇಲ್ಲ. ಕೊಳವೆ ಅಗಲ 60 ಇಲ್ಲಾ 70 ಸೆಂಟಿಮೀಟರ್ ಅಷ್ಟೇ, ಕಣ್ಣು ಬಿಟ್ರೆ ಮುಖದ ಹತ್ರಾನೇ ಗೋಡೆ.

ಮಧ್ಯಾಹ್ನ ಇನ್ನೊಂದು ಸಲ ತಗೊಳ್ತೀವಿ ಅಂದ್ರು. ಅಷ್ಟೊತ್ತು ಅಮ್ಮನ ಪಕ್ಕ ಕೂತು ಎಲ್ಲಾ ಹೇಳ್ದೆ. ಅದು ಎಕ್ಸ್‌ರೇ ಅಲ್ಲ, ಆ ಥರದ ರೇಡಿಯೇಶನ್ ಇಲ್ಲ, ದೊಡ್ಡ ಅಯಸ್ಕಾಂತ, ನಮ್ಮ ಮೈಯಲ್ಲಿರೋ ನೀರಿನ ಹೈಡ್ರೋಜನ್‌ನಿಂದ ಬರೋ ಸಿಗ್ನಲ್ ಹಿಡ್ದು ಚಿತ್ರ ಮಾಡುತ್ತೆ. ಒಳಗಿನ ತಂತಿ ಸುತ್ತಿದ ಕಾಯಿಲ್‌ಗಳಿಗೆ ಕರೆಂಟು ಕ್ಷಣಕ್ಕೊಂದು ಸಲ ಬಂದು ಹೋಗುತ್ತಲ್ಲ, ಆಗ ಅವು ನಡುಗುತ್ವೆ, ಅದೇ ಆ ಟಕಟಕ ಶಬ್ದ. ತಗಡಿನ ಮೇಲೆ ಸುತ್ತಿಗೆಲಿ ಹೊಡೆದಂಗೆ ಕೇಳುತ್ತೆ, ಸ್ವಲ್ಪ ಹೊತ್ತು ಪೂರ್ತಿ ನಿಲ್ಲುತ್ತೆ, ಮತ್ತೆ ಬೇರೆ ಥರ ಶುರುವಾಗುತ್ತೆ, ನಿಂತಾಗ ಮುಗೀತು ಅಂತ ಏಳ್ಬೇಡ ಅಂದೆ. ಕಣ್ಣು ಮೊದಲೇ ಮುಚ್ಕೊಂಡೇ ಒಳಗೆ ಹೋಗು ಅಂದೆ. ಕಿವಿಗೆ ಪ್ಲಗ್, ಕೈಗೆ ಒತ್ತೋ ರಬ್ಬರ್ ಬಲ್ಬ್ ಕೊಡಿ ಅಂತ ನಾನೇ ಕೇಳಿ ಇಸ್ಕೊಂಡೆ. ಕೇಳೋವರೆಗೂ ಕೊಟ್ಟಿರ್ಲಿಲ್ಲ! ಅದನ್ನ ಒತ್ತಿದ್ರೆ ಅವರು ತಕ್ಷಣ ನಿಲ್ಲಿಸ್ತಾರೆ, ಅಷ್ಟು ಗೊತ್ತಿದ್ರೆ ಎಷ್ಟು ಧೈರ್ಯ ಗೊತ್ತಾ.

ಎರಡನೇ ಸಲ ಅರ್ಧ ಗಂಟೆ ಅಲ್ಲಾಡದೆ ಮಲಗಿದ್ರು ಅಮ್ಮ. ಅದೇ ಮಿಷನ್, ಅದೇ ಅಮ್ಮ. ದುಡ್ಡು ಸಾವಿರಗಟ್ಲೆ ತಗೊಳ್ಳೋರು ಈ ನಾಲ್ಕು ಮಾತು ಮೊದಲೇ ಹೇಳ್ಬೇಕಿತ್ತು, ಹೇಳೋದು ಅವರ ಕೆಲಸಾನೇ ಅಂತ ನಾನು ನಂಬಿದೀನಿ.

ನಮ್ಮ ಕೊಡಗಿನವರಿಗೆ ಇನ್ನೊಂದು ಮುಖ್ಯ ವಿಷ್ಯ. ಆ ಅಯಸ್ಕಾಂತ ಸ್ಕ್ಯಾನ್ ಇಲ್ದಾಗಲೂ ಆನ್ ಆಗೇ ಇರುತ್ತೆ, ಸಾಮಾನ್ಯವಾಗಿ 1.5 ಇಲ್ಲಾ 3 ಟೆಸ್ಲಾ (ಅಯಸ್ಕಾಂತದ ಬಲ ಅಳೆಯೋ ಲೆಕ್ಕ), 1.5 ಅಂದ್ರೇನೇ ಭೂಮಿ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು. ತಾಳಿ, ಕಾಲುಂಗುರ, ಸೀರೆ ಪಿನ್ನು, ಮೊಬೈಲು ಎಲ್ಲಾ ತೆಗೆಸ್ತಾರೆ, ಅದು ಬಿಡಿ, ಮೈ ಒಳಗಿರೋದು ನಾವು ಬಾಯ್ಬಿಟ್ಟು ಹೇಳದೆ ಅವರಿಗೆ ಗೊತ್ತಾಗಲ್ಲ. ಪೇಸ್‌ಮೇಕರ್, ತಲೆ ಆಪರೇಶನ್‌ನಲ್ಲಿ ಹಾಕಿದ ಕ್ಲಿಪ್ಪು, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು. ಮನೆಮನೆಯಲ್ಲಿ ಕೋವಿ ಇರೋ ಊರು ನಮ್ದು, ಯಾವತ್ತೋ ತಗುಲಿದ ಗುಂಡಿನ ಚೂರು ಮೈಯಲ್ಲೇ ಉಳ್ಕೊಂಡಿರೋರು ಇದ್ದಾರೆ. ಸೀಸದ್ದಾದ್ರೆ ಅಯಸ್ಕಾಂತ ಎಳೆಯಲ್ಲ, ಉಕ್ಕಿನದಾದ್ರೆ ಎಳೆಯುತ್ತೆ, ಅದನ್ನ ತೀರ್ಮಾನ ಮಾಡ್ಬೇಕಾದವರು ಡಾಕ್ಟ್ರು. ನಾಚ್ಕೊಂಡು ಮುಚ್ಚಿಡಬೇಡಿ ದಯವಿಟ್ಟು. ಚಿತ್ರ ಇನ್ನೂ ಚೆನ್ನಾಗಿ ಕಾಣಲಿ ಅಂತ ಡೈ ಇಂಜೆಕ್ಷನ್ ಹಾಕ್ತಾರೆ ಅಂದ್ರೆ ಕಿಡ್ನಿ ತೊಂದ್ರೆ ಇದ್ರೂ ಹೇಳಿ, ಬಸುರಿ ಆಗಿದ್ರೂ ಹೇಳಿ.

ನಮ್ಮ ಪಕ್ಕದ ತೋಟದ ಅಣ್ಣ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದವರು, ನಾಳಿದ್ದು ಅವರೂ ಸ್ಕ್ಯಾನಿಂಗ್‌ಗೆ ಹೋಗ್ತಿದ್ದಾರೆ. ನಿನ್ನೆ ಸಂಜೆ ಅಮ್ಮ ಜಗಲೀಲಿ ಅವರನ್ನ ಕೂರಿಸ್ಕೊಂಡು, ಬೆರಳಲ್ಲಿ ಬೆಂಚಿನ ಮೇಲೆ ಟಕಟಕ ಅಂತ ಬಡಿದು ತೋರಿಸ್ತಿದ್ರು. ಅವರ ಭುಜದಲ್ಲಿರೋ ಹಳೇ ಗುಂಡಿನ ವಿಷ್ಯ ಮಾತ್ರ ನಾನೇ ಚೀಟಿಲಿ ಬರ್ದು, ಡಾಕ್ಟ್ರ ಕೈಗೇ ಕೊಡಿ ಅಂತ ಹೇಳಿ ಅವರ ಜೇಬಿಗೆ ಹಾಕಿದೀನಿ.