ಮನಸ್ಸಿನ ಕಾಯಿಲೆಗೆ ಮದ್ದನ್ನು ಕರುಳಿನ ಬ್ಯಾಕ್ಟೀರಿಯಾದಲ್ಲಿ ಹುಡುಕಬೇಕಾ?

ಪರ

ಲಿವರ್ ಪೂರ್ತಿ ಕೆಟ್ಟವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಕರುಳಿಗೂ ಮಿದುಳಿಗೂ ಇರುವ ಈ ನಂಟು ಹೊಸದಲ್ಲ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಇವತ್ತು ಯಾವ ವಾರ ಅಂದರೆ ಗೊತ್ತಾಗುವುದಿಲ್ಲ. ಡಾಕ್ಟರು ಕೊಡುವುದು ಲ್ಯಾಕ್ಟುಲೋಸ್ ಸಿರಪ್, ಅಂದರೆ ಭೇದಿ ಮಾಡಿಸುವ ಔಷಧಿ, ಜೊತೆಗೆ ಕರುಳಲ್ಲೇ ಕೆಲಸ ಮಾಡುವ ರಿಫಾಕ್ಸಿಮಿನ್ ಅನ್ನೋ ಆಂಟಿಬಯೋಟಿಕ್. ಕರುಳಿನ ಬ್ಯಾಕ್ಟೀರಿಯಾ ಮಾಡಿದ ಅಮೋನಿಯಾ ಮಿದುಳಿಗೆ ಏರಿರುತ್ತದೆ, ಅದು ಇಳಿದ ಹಾಗೆ ಎಷ್ಟೋ ಜನ ಮತ್ತೆ ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ತಲೆಗೆ ಅಂತ ಒಂದು ಮಾತ್ರೆಯನ್ನೂ ಕೊಟ್ಟಿರುವುದಿಲ್ಲ, ನೋಡಿ.

ಖಿನ್ನತೆಯಲ್ಲೂ ಇಂಥದ್ದೊಂದು ದಾರಿ ಇರಬಹುದಲ್ವಾ? ಐರ್ಲೆಂಡಿನ ಕಾರ್ಕ್‌ನಲ್ಲಿ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಒಂದು ಬ್ಯಾಕ್ಟೀರಿಯಾ ತಿನ್ನಿಸಿ ನೀರಿಗೆ ಬಿಟ್ಟರು; ಇಲಿ ಎಷ್ಟು ಬೇಗ ಕೈಚೆಲ್ಲುತ್ತದೆ ಅನ್ನೋದನ್ನು ಖಿನ್ನತೆಯ ಅಳತೆಯಾಗಿ ನೋಡುತ್ತಾರೆ. ಬೇರೆ ಇಲಿಗಳು ಬೇಗ ಸೋತು ಸುಮ್ನೆ ತೇಲಿದವು, ಇವು ಜಾಸ್ತಿ ಹೊತ್ತು ಈಜಿದವು. ಹೊಟ್ಟೆಗೂ ಮಿದುಳಿಗೂ ನಡುವಿನ ವೇಗಸ್ ನರ ಕತ್ತರಿಸಿದರೆ ಆ ಫಲ ಕಾಣಲಿಲ್ಲ. ಇದು 2011ರಲ್ಲಿ. 2019ರಲ್ಲಿ ಬೆಲ್ಜಿಯಂನವರು 1,054 ಜನರನ್ನು ನೋಡಿದಾಗ ಖಿನ್ನತೆ ಇದ್ದವರಲ್ಲಿ ಕೊಪ್ರೊಕಾಕಸ್, ಡಯಾಲಿಸ್ಟರ್ ಅನ್ನೋ ಎರಡು ಬಗೆಯ ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ಅವರು ನುಂಗುತ್ತಿದ್ದ ಮಾತ್ರೆಗಳ ಪ್ರಭಾವ ಕಳೆದು ನೋಡಿದರೂ ಹಾಗೇ. ಈಗಿರುವ ಮಾತ್ರೆಗಳು ಎಲ್ಲರಿಗೂ ಹಿಡಿಸುವುದಿಲ್ಲ, ಹಾಗಿರುವಾಗ ಹುಡುಕದೆ ಬಿಡುವುದು ಹೇಗೆ?

ವಿರೋಧ

ಆ ಇಲಿಗಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಾರ್ಕ್‌ನವರೇ ಅದೇ ಬ್ಯಾಕ್ಟೀರಿಯಾವನ್ನು 29 ಆರೋಗ್ಯವಂತ ಗಂಡಸರಿಗೆ ನಾಲ್ಕು ವಾರ ಕೊಟ್ಟು, ಕೊರೆಯುವ ನೀರಲ್ಲಿ ಕೈ ಇಡಿಸಿ ಒತ್ತಡ ಅಳೆದರು. ಔಷಧಿಯೇ ಇಲ್ಲದ ಕ್ಯಾಪ್ಸೂಲಿಗಿಂತ ಅದು ಹೆಚ್ಚೇನೂ ಮಾಡಲಿಲ್ಲ. 2017ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಅದು ದೊಡ್ಡ ಗುಣ.

ಇನ್ನು ಬೆಲ್ಜಿಯಂ ಲೆಕ್ಕ. ಮನಸ್ಸು ಕುಗ್ಗಿದವರು ಮೊದಲು ಬಿಡುವುದೇ ಊಟ. ತಟ್ಟೆ ಬದಲಾದರೆ ಕರುಳೂ ಬದಲಾಗುತ್ತದೆ, ಯಾವುದು ಮೊದಲು ಅಂತ ಹೇಗೆ ಹೇಳುವುದು? ಮನಸ್ಸಿನ ಸ್ಥಿತಿಗೆ ನಂಟಿರುವ ಸೆರೊಟೋನಿನ್ ಅನ್ನೋ ರಾಸಾಯನಿಕ ಬಹುಪಾಲು ಕರುಳಲ್ಲೇ ತಯಾರಾಗುತ್ತದೆ ಅಂತ ಹೇಳಿ ಪ್ರೋಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲು, ಮಾರುತ್ತಾರೆ. ನಿಜ, ಆದರೆ ಆ ಸೆರೊಟೋನಿನ್ ಮಿದುಳಿಗೆ ದಾಟುವುದೇ ಇಲ್ಲ.

ನನ್ನ ಹೆದರಿಕೆಗೆ ಹಳೆಯ ಕಾರಣ ಇದೆ. 1907ರಿಂದ ಅಮೆರಿಕದ ಟ್ರೆಂಟನ್ ಮಾನಸಿಕ ಆಸ್ಪತ್ರೆ ನಡೆಸಿದ ಹೆನ್ರಿ ಕಾಟನ್, ಹುಚ್ಚಿಗೆ ದೇಹದಲ್ಲಿ ಅಡಗಿದ ಸೋಂಕೇ ಕಾರಣ ಅಂತ ನಂಬಿ ರೋಗಿಗಳ ಹಲ್ಲು ಕೀಳಿಸಿದರು, ಆಮೇಲೆ ದೊಡ್ಡ ಕರುಳನ್ನೇ ತೆಗೆದರು. ಅವರೇ ಒಪ್ಪಿದ ಲೆಕ್ಕದಲ್ಲಿ, ಕರುಳು ತೆಗೆಸಿಕೊಂಡವರಲ್ಲಿ ನೂರಕ್ಕೆ 30 ಜನ ಸತ್ತರು.

ಇವತ್ತು ಯಾರೂ ಕರುಳು ಕತ್ತರಿಸುವುದಿಲ್ಲ. ಆದರೆ ನನ್ನ ಗೆಳತಿಯೊಬ್ಬಳು ಪ್ರೋಬಯೋಟಿಕ್ ಸಾಕು ಅನ್ನೋ ಮಾತು ನಂಬಿ ಖಿನ್ನತೆಯ ಮಾತ್ರೆ ಒಮ್ಮೆಲೇ ನಿಲ್ಲಿಸಿದಳು. ಮೂರನೇ ವಾರ ನಾನು ಹೋದಾಗ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಕ್ಯಾಪ್ಸೂಲಿನ ಎರಡು ಡಬ್ಬಿ ಖಾಲಿಯಾಗಿದ್ದವು, ಮೂರನೆಯದು ಅರ್ಧಕ್ಕೆ ಬಂದಿತ್ತು.