ನೂರು ವರ್ಷವಾದರೂ ಪಿಆರ್ ಸಿಗದ ಕಾಗೆ

ಅಪ್ಪನ ತಿಥಿ ಹತ್ತಿರ ಬಂದಾಗಲೇ ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಹೊಸ ಪೋಸ್ಟರ್ ಅಂಟಿಸಿದ್ದರು. ಹಕ್ಕಿಗಳಿಗೆ ಏನೂ ಹಾಕಬೇಡಿ. ಹಾಕಿದರೆ ಮೊದಲ ಸಲಕ್ಕೆ 5,000 ಡಾಲರ್ ತನಕ ದಂಡ, ಮತ್ತೆ ಸಿಕ್ಕಿಬಿದ್ದರೆ 10,000. ಪಕ್ಕದಲ್ಲಿ ಕಾಗೆಯ ಫೋಟೊ. ಸಿಂಗಪುರದಲ್ಲಿರುವವರಿಗೆ ದಂಡ ಹೊಸದಲ್ಲ. ಆದರೂ ಎಡೆಗೂ ದಂಡ ಅಂದಾಗ ಒಂಥರಾ ಆಯಿತು. ಬಳ್ಳಾರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. "ಹಂಗಾರ ಆ ಊರಾಗ ಸತ್ತೋರೆಲ್ಲ ಉಪವಾಸ ಏನು?" ಅಂದಳು.

ದಂಡಕ್ಕಿಂತ ಚುಚ್ಚಿದ್ದು ಆ ಫೋಟೊ. ಬೂದು ಕುತ್ತಿಗೆಯ ನಮ್ಮದೇ ಕಾಗೆ, ಕೌಲ್ ಬಜಾರಿನ ತಂತಿಗಳ ಮೇಲೆ ಕೂರುವ ಅದೇ ಜಾತಿ. ಕಾಫಿ ತೋಟದ ಹುಳು ತಿನ್ನಲಿ ಎಂದು ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಸಿಲೋನಿನಿಂದ (ಈಗಿನ ಶ್ರೀಲಂಕಾ) ಮಲಯಾದ (ಈಗಿನ ಮಲೇಷ್ಯ) ಕ್ಲಾಂಗಿಗೆ ಇದನ್ನು ಮನುಷ್ಯರೇ ತಂದುಬಿಟ್ಟರು. ಹಡಗು ಹತ್ತಿ ತಾನಾಗಿ ಬಂದವೂ ಇವೆ. ಇಷ್ಟು ಕಾಲ ಕಳೆದರೂ ಪಿಆರ್, ಅಂದರೆ ಕಾಯಂ ನಿವಾಸಿಯ ಹಕ್ಕು, ಸಿಕ್ಕಿಲ್ಲ, ದಾಖಲೆಯಲ್ಲಿ ಇಂದಿಗೂ ಅದು ಹೊರಗಿನ ಹಕ್ಕಿ. ಹಿಂದೆ ಬಂದೂಕು ಹಿಡಿದು ಹೊಡೆಯುತ್ತಿದ್ದರು. ಈಗ ಬೋನು ಇಡುತ್ತಾರೆ, ಗೂಡು ಕೀಳುತ್ತಾರೆ. ವರ್ಕ್ ಪಾಸ್ (ಇಲ್ಲಿ ಕೆಲಸ ಮಾಡುವ ಪರವಾನಗಿ) ನವೀಕರಣಕ್ಕೆ ಕಾಯುತ್ತಿರುವವನು ಇದನ್ನು ಓದಿದರೆ ಯಾರ ಪಕ್ಷ ವಹಿಸುತ್ತಾನೆ, ಹೇಳಿ.

ಬಳ್ಳಾರಿಯಲ್ಲಿ ನಾವೇನು ಕಾಗೆಯನ್ನು ಮುದ್ದು ಮಾಡುವವರಲ್ಲ. ಮಾಳಿಗೆ ಮೇಲೆ ಸಂಡಿಗೆ ಹಾಕಿದರೆ ಕೋಲು ಕೊಟ್ಟು ನನ್ನನ್ನು ಕಾವಲಿಗೆ ಕೂರಿಸುತ್ತಿದ್ದರು. ಕರಿ ಬಟ್ಟೆ ಕಟ್ಟಿದರೆ ಮೊದಲ ದಿನ ದೂರ ಇರುತ್ತಿದ್ದ ಕಾಗೆ, ಮರುದಿನ ಆ ಬಟ್ಟೆ ಕಟ್ಟಿದ ಕೋಲಿನ ಮೇಲೇ ಬಂದು ಕೂರುತ್ತಿತ್ತು. ಆದರೆ ಅದರ ಬುದ್ಧಿ ನೋಡಲು ನಮಗೆ ಪುರುಸೊತ್ತಿತ್ತು. ಹಿತ್ತಲಲ್ಲಿ ಎಮ್ಮೆಗೆ ನೀರಿಡುವ ಬಾನಿ. ಕಡಕ್ ರೊಟ್ಟಿಯ ಚೂರು ಕಚ್ಚಿಕೊಂಡು ಬರುವ ಕಾಗೆ ಅದನ್ನು ನೀರಲ್ಲಿ ಅದ್ದುತ್ತದೆ, ತೆಗೆದು ಅಂಚಿನ ಮೇಲಿಟ್ಟು ಕಾಲಲ್ಲಿ ಒತ್ತಿ ಕುಕ್ಕಿ ನೋಡುತ್ತದೆ. ಇನ್ನೂ ಗಟ್ಟಿ ಇದ್ದರೆ ತಿರುಗಿಸಿ, ಒಣಗಿದ ಕಡೆಯನ್ನು ಮತ್ತೆ ಅದ್ದುತ್ತದೆ. ಅವ್ವ ಬೈಯುತ್ತಲೇ ರೊಟ್ಟಿಯ ಚೂರನ್ನು ಬಾನಿಯ ಹತ್ತಿರವೇ ಇಟ್ಟು ಹೋಗುತ್ತಿದ್ದಳು.

ಆಕ್ಸ್‌ಫರ್ಡಿನಲ್ಲಿ ಬೆಟ್ಟಿ ಎಂಬ ನ್ಯೂ ಕ್ಯಾಲೆಡೋನಿಯಾದ ಕಾಗೆ ನೆಟ್ಟಗಿನ ತಂತಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಕೊಳವೆಯೊಳಗಿನ ತಿನಿಸನ್ನು ಎತ್ತಿದ್ದು 2002ರಲ್ಲಿ ದೊಡ್ಡ ಸುದ್ದಿಯಾಯಿತು. ನನಗೆ ಅದಕ್ಕಿಂತ ಹಿಡಿಸಿದ್ದು 2009ರಲ್ಲಿ ಬಂದ ಇನ್ನೊಂದು ಅಧ್ಯಯನ. ಕಾಗೆಯ ದಾಯಾದಿ ಜ್ಯಾಕ್‌ಡಾ ಹಕ್ಕಿಯ ಎದುರು ತಿಂಡಿ ಇಟ್ಟು ಅಪರಿಚಿತನೊಬ್ಬ ಅದನ್ನೇ ದಿಟ್ಟಿಸುತ್ತಿದ್ದರೆ ಹಕ್ಕಿ ಹಿಂದೆಮುಂದೆ ನೋಡುತ್ತದೆ. ಅವನು ಕಣ್ಣು ಬೇರೆಡೆ ಹೊರಳಿಸಿದರೆ ಬೇಗ ಬಂದು ಎತ್ತಿಕೊಳ್ಳುತ್ತದೆ. ಈ ಸಲ ತಿಥಿಗೆ ಎಡೆ ಇಟ್ಟದ್ದು ಬಳ್ಳಾರಿಯ ಮನೆಯ ಮಾಳಿಗೆ ಮೇಲೆ, ತಮ್ಮ. ನಾನು ವಿಡಿಯೊ ಕಾಲಿನಲ್ಲಿ ಕಾ ಕಾ ಅಂದೆ. ಕಾಗೆ ಬರಲೊಲ್ಲದು. ತಮ್ಮ, ಸಾಲ ತೀರಿಸ್ತೀವಿ, ಹೊಲ ಮಾರೂದಿಲ್ಲ ಅಂತೆಲ್ಲ ಮಾತು ಕೊಟ್ಟು, ಕೈಮುಗಿದು, ಕಣ್ಣು ಮುಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿದ ಮೇಲೆ ಬಂತು. ಅಪ್ಪನಿಗೆ ಹೊಲದ್ದೇ ಚಿಂತೆ ಇತ್ತು ಅಂತ ಮನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಜ್ಯಾಕ್‌ಡಾ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ.

2023ರಲ್ಲಿ ಇಲ್ಲಿನ ಬಿಷಾನ್ ಬಡಾವಣೆಯಲ್ಲಿ ಕಾಗೆಗಳು ದಾರಿಹೋಕರ ತಲೆಗೆ ಕುಕ್ಕಿದವು. ಹತ್ತಿರ ಗೂಡಿದ್ದರೆ, ಮರಿಗಳಿದ್ದರೆ ಅವು ಹಾಗೆ ಮಾಡುವುದುಂಟು. ಇಲ್ಲಿಯವರು ವಿಡಿಯೊ ಮಾಡಿ ದೂರು ಕೊಟ್ಟರು. ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ನೆಂಟರಿಗೆಲ್ಲ ಸುಳ್ಳು ಸಾವಿನ ಸುದ್ದಿ ಮುಟ್ಟಿರುತ್ತಿತ್ತು, ಕುಕ್ಕಿಸಿಕೊಂಡವನು ಶನಿಮಹಾತ್ಮನ ಗುಡಿ ಸುತ್ತುತ್ತಿದ್ದ. ನಗು ಬರಬಹುದು. ಆದರೆ ಮೈಮೇಲೆ ಬಂದ ಕಾಗೆಯ ಜತೆಗೂ ಏನೋ ಲೆಕ್ಕ ಬಾಕಿ ಇದೆ ಎಂದುಕೊಳ್ಳುವ ಊರು ನನಗೆ ಹತ್ತಿರ. ಸಿಯಾಟಲ್‌ನಲ್ಲಿ 2006ರಲ್ಲಿ ವಿಜ್ಞಾನಿಗಳು ಮುಖವಾಡ ಹಾಕಿಕೊಂಡು ಅಮೆರಿಕದ ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳು ಉರುಳಿದ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಕೂಗಾಡುತ್ತಿದ್ದವು, ಹಿಡಿಸಿಕೊಳ್ಳದ ಕಾಗೆಗಳೂ ಸೇರಿಕೊಳ್ಳುತ್ತಿದ್ದವು. ಅಂದರೆ ಲೆಕ್ಕ ಇಡುವುದು ನಾವಷ್ಟೇ ಅಲ್ಲ.

ಇಷ್ಟು ಹೇಳಿ ಸಿಂಗಪುರದವರನ್ನು ಬೈದು ಮುಗಿಸಬಹುದಿತ್ತು. ಆದರೆ ಹೊರಗಿನಿಂದ ಬಂದದ್ದು ಏನು ಮಾಡೀತು ಅಂತ ಬಳ್ಳಾರಿಯವನಿಗೆ ಪಾಠ ಬೇಕೆ? ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಬೀಳು ಬಿಟ್ಟ ಹೊಲ, ಕೆರೆಯಂಗಳ ನುಂಗಿದ್ದನ್ನು, ಅದರ ಮುಳ್ಳು ಚುಚ್ಚಿಸಿಕೊಂಡೇ ಬೆಳೆದವರು ನಾವು. ಬೇರೆ ಹಕ್ಕಿಗಳ ಮೊಟ್ಟೆ, ಮರಿ ಕದಿಯುವ ಕಾಗೆ ಈ ಪುಟ್ಟ ದ್ವೀಪಕ್ಕೆ ಭಾರವೇ. ಇವರು ಕಾಗೆಯನ್ನು ಸರಿಯಾಗೇ ಅರ್ಥ ಮಾಡಿಕೊಂಡಿದ್ದಾರೆ ಅನ್ನುವುದನ್ನೂ, ಒಲ್ಲದ ಮನಸ್ಸಿನಿಂದ, ಒಪ್ಪಬೇಕು. ಕಸದ ಡಬ್ಬಿಗೆ ಮುಚ್ಚಳ. ಹಾಕರ್ ಸೆಂಟರಿನಲ್ಲಿ, ಅಂದರೆ ತಿಂಡಿ ಅಂಗಡಿಗಳ ಸಾಲಿನಲ್ಲಿ, ಉಂಡ ತಟ್ಟೆಯನ್ನು ನಾವೇ ಎತ್ತಿಡಬೇಕು, 2021ರಿಂದ ಅದೂ ಕಡ್ಡಾಯ. ಊಟ ಸಿಗದ ಕಡೆ ಕಾಗೆ ನಿಲ್ಲುವುದಿಲ್ಲ. ನಮ್ಮಲ್ಲೋ, ಖಾನಾವಳಿಯ ಹಿಂದೆ ಎಂಜಲಿನ ಗುಡ್ಡೆ, ಕಾಗೆ ಅನ್ನ ಎಳೆದರೆ ಜತೆಗೆ ಪ್ಲಾಸ್ಟಿಕ್ಕೂ ಹೊಟ್ಟೆ ಸೇರುತ್ತದೆ. ನಮ್ಮ ಓಣಿಗೂ ಮುಚ್ಚಳದ ಡಬ್ಬಿ ಇಡಿಸೋಣ ಅಂತ ಕುಟುಂಬದ ವಾಟ್ಸಾಪಿನಲ್ಲಿ ಬರೆದೆ. ಚಿಕ್ಕಪ್ಪನ ಉತ್ತರ ಕೂಡಲೇ ಬಂತು: "ಸಿಂಗಪುರಕ್ಕ ಹೋಗಿ ಬಾಳ ಶಾಣ್ಯಾ ಆಗೀ. ಮೊದ್ಲು ಓಣಿಗೆ ಕಸದ ಗಾಡಿ ಬರಂಗ ಮಾಡು."