ಕಾಡು ಬೇಕು, ಕಾಡಿನ ಜನ ಬೇಡವಂತೆ

ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಿಂದ ಈಗಷ್ಟೇ ಮನೆಗೆ ಬಂದೆ. ತಲೆ ಬಿಸಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ ಬಂದಿದ್ದವರು ನಮ್ಮವರೇ, ಟೊರಾಂಟೊದಲ್ಲಿ ನನಗಿಂತ ಹಳಬರು. ಕೆನಡಾದ ಚಿತ್ರಕಾರ ಟಾಮ್ ಥಾಮ್ಸನ್‌ನ ‘ದಿ ವೆಸ್ಟ್ ವಿಂಡ್’ ಚಿತ್ರದ ಎದುರು ನಿಂತು, ‘ಗಾಳಿ ನಮ್ಮ ಮುಖಕ್ಕೇ ಬೀಸ್ತಿದೆ ನೋಡ್ರೀ’ ಅಂದರು. ನಿಜ. ಬಾಗಿದ ಪೈನ್ ಮರ, ಹಿಂದೆ ಅಲೆ ಎದ್ದ ಸರೋವರ, ನನಗೂ ಇಷ್ಟವೇ. ಆಮೇಲೆ ಮೂಲನಿವಾಸಿ ಕಲಾವಿದರ ಕೃತಿಗಳ ಕಡೆ ಬಂದೆವು. ಸರಿಯಾಗಿ ನೋಡಲೂ ಇಲ್ಲ, ‘ಇದೆಲ್ಲ ಬರೀ ರಾಜಕೀಯ ಬಿಡಿ, ಕಾಫಿ ಕುಡಿಯೋಣ’ ಅಂತ ಹೊರಟೇಬಿಟ್ಟರು.

ಬರೀ ರಾಜಕೀಯವಂತೆ!

ಸ್ವಾಮಿ, ಆ ಕಾಡಿನ ಚಿತ್ರ ರಾಜಕೀಯ ಅಲ್ವಾ? ಥಾಮ್ಸನ್ 1917ರಲ್ಲಿ ತೀರಿಹೋದ. ಅವನ ಗೆಳೆಯರು 1920ರಲ್ಲಿ ‘ಗ್ರೂಪ್ ಆಫ್ ಸೆವೆನ್’ ಹೆಸರಲ್ಲಿ ಇದೇ ಊರಲ್ಲಿ ಮೊದಲ ಪ್ರದರ್ಶನ ಮಾಡಿದರು. ಕೆರೆ, ಬಂಡೆ, ಮರ, ಹಿಮ. ಮನುಷ್ಯರು ಅಪರೂಪ. ಇದೇ ಕೆನಡಾ ಅಂತ ಶಾಲೆ, ಬ್ಯಾಂಕಿನ ಗೋಡೆಗಳ ಮೇಲೂ ಈ ಚಿತ್ರಗಳ ಪ್ರತಿ ತೂಗುಹಾಕಿದರು. ಥಾಮ್ಸನ್ ಓಡಾಡಿದ ಅಲ್ಗಾಂಕ್ವಿನ್ ಪಾರ್ಕಿಗೆ ಯಾರ ಹೆಸರಿದೆಯೋ, ಆ ಮೂಲನಿವಾಸಿ ಜನ ಎಲ್ಲೂ ಹೋಗಿರಲಿಲ್ಲ. ಚಿತ್ರದಲ್ಲಿ ಮಾತ್ರ ಇಲ್ಲ. ಖಾಲಿ ತೋರಿಸಿದರೆ ಪ್ರಕೃತಿ, ‘ನಾವಿಲ್ಲಿದ್ದೇವೆ’ ಅಂದರೆ ರಾಜಕೀಯ. ಚೆನ್ನಾಗಿದೆ ಲೆಕ್ಕ.

ಮೂಲನಿವಾಸಿ ಕಲಾವಿದೆ ರೆಬೆಕಾ ಬೆಲ್ಮೋರ್ ಬಗ್ಗೆ ಹಿಂದೆಯೂ ಕೊರೆದಿದ್ದೇನೆ, ಸಹಿಸಿಕೊಳ್ಳಿ. 1988ರಲ್ಲಿ ಕ್ಯಾಲ್ಗರಿ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿನ ಗ್ಲೆನ್‌ಬೋ ಮ್ಯೂಸಿಯಂ ‘ದಿ ಸ್ಪಿರಿಟ್ ಸಿಂಗ್ಸ್’ ಅನ್ನುವ ದೊಡ್ಡ ಪ್ರದರ್ಶನ ಇಟ್ಟಿತು. ಮೂಲನಿವಾಸಿಗಳ ಹಳೆಯ ವಸ್ತುಗಳನ್ನು ಯುರೋಪಿನಿಂದಲೂ ತರಿಸಿದ್ದರು. ದುಡ್ಡು ಕೊಟ್ಟಿದ್ದು ಶೆಲ್ ಕಂಪನಿ. ಲುಬಿಕಾನ್ ಕ್ರೀ ಅನ್ನುವ ಮೂಲನಿವಾಸಿ ಜನ ‘ಇದು ನಮ್ಮದು’ ಅಂತ ಹೋರಾಡುತ್ತಿದ್ದ ನೆಲದಲ್ಲಿ ಎಣ್ಣೆಗಾಗಿ ಕೊರೆಯುತ್ತಿದ್ದುದೂ ಅದೇ ಕಂಪನಿ. ಆ ಜನ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಬೆಲ್ಮೋರ್ ಏನು ಮಾಡಿದರು ಗೊತ್ತಾ? ನಮ್ಮ ಒಂಟಾರಿಯೊದ ಥಂಡರ್ ಬೇ ಊರಲ್ಲಿ, ಆ ಭಯಂಕರ ಚಳಿಯಲ್ಲಿ, ಮ್ಯೂಸಿಯಂ ಸಾಮಾನಿಗೆ ಹಾಕುವಂಥ ನಂಬರ್ ತಮಗೇ ಹಾಕಿಕೊಂಡು ನೆಲದ ಮೇಲೆ ಕೂತುಬಿಟ್ಟರು. ‘ಆರ್ಟಿಫ್ಯಾಕ್ಟ್ 671ಬಿ’. ಅಜ್ಜಿ ಹೊಲಿದ ಚರ್ಮದ ಜೋಡನ್ನು ಗಾಜಿನೊಳಗೆ ಇಟ್ಟರೆ ಸಂಸ್ಕೃತಿ. ಮೊಮ್ಮಗಳೇ ಬಂದು ಕೂತರೆ?

ಹೌದು, ಗೋಡೆ ಮೇಲಿನ ವಿವರಣೆಗಳು ಕೆಲವೊಮ್ಮೆ ಪಿಎಚ್‌ಡಿ ಪ್ರಬಂಧವೇ. ಒಪ್ಪಿದೆ. ಓದಬೇಡಿ, ಯಾರು ಬಲವಂತ ಮಾಡಿದರು? ಚಿತ್ರ ನೋಡಿ. ಇಷ್ಟವಾಗದಿದ್ದರೆ ಯಾಕೆ ಅಂತ ಹೇಳಿ, ಜಗಳ ಆಡೋಣ. ಕ್ರೀ ಕಲಾವಿದ ಕೆಂಟ್ ಮಂಕ್‌ಮನ್ 2020ರಲ್ಲಿ ಆಗಿನ ಪ್ರಧಾನಿ ಟ್ರುಡೊ ಅವರನ್ನು ಇಟ್ಟುಕೊಂಡು ‘ಹ್ಯಾಂಕಿ ಪ್ಯಾಂಕಿ’ ಅನ್ನುವ ಚಿತ್ರ ಬರೆದಾಗ ಮೂಲನಿವಾಸಿಗಳೇ ತರಾಟೆಗೆ ತೆಗೆದುಕೊಂಡರು. ಮಂಕ್‌ಮನ್ ಕ್ಷಮೆಯನ್ನೂ ಕೇಳಿದರು. ಅದು ವಿಮರ್ಶೆ. ಕಾಫಿಗೆ ಓಡುವುದಲ್ಲ.

ಇಷ್ಟು ಸಿಟ್ಟು ಯಾಕೆ ಅಂತೀರಾ? ಖಾಲಿ ಕಾಡು ನನಗೂ ಹಿತ. ಅದು ನನ್ನನ್ನು ಏನೂ ಕೇಳುವುದಿಲ್ಲ, ಇದೇ ನೆಲದ ಮೇಲೆ ಮನೆಸಾಲ ಕಟ್ಟುತ್ತಾ ಆರಾಮಾಗಿರಬಹುದು. ಆದರೆ 2021ರಿಂದ ಪೌರತ್ವದ ಪ್ರಮಾಣವಚನದಲ್ಲೇ ಮೂಲನಿವಾಸಿಗಳ ಹಕ್ಕು, ಒಪ್ಪಂದಗಳ ಮಾತಿದೆ. ಕಾಫಿಗೆ ಓಡಿದ ಇವರು ಅದಕ್ಕೂ ಮೊದಲೇ ಪ್ರಮಾಣ ಮಾಡಿದವರು, ಇರಲಿ. ಹೋದ ವರ್ಷ ಇವರ ಅಳಿಯಂದಿರು ಕೈ ಎತ್ತಿ ಅದನ್ನೇ ಹೇಳುವಾಗ ವಿಡಿಯೊ ಮಾಡಿ ನಮ್ಮ ಗ್ರೂಪಿಗೆಲ್ಲ ಕಳಿಸಿದ್ದರು. ಮೈಸೂರ್‌ಪಾಕ್ ಕೂಡ ಹಂಚಿದರು. ನಾನೂ ತಿಂದಿದ್ದೇನೆ.